ದೈತ್ಯ ಕರಡಿಯ ಲೇಖನ ಕಳುಹಿಸಿದವರಿಗೆ

ಪ್ರಿಯರೇ, ನಮಸ್ಕಾರ.

‘ಹಿಮಯುಗದ ರಾಕ್ಷಸ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೂ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾಲ್ಕನೆಯ ಪುಟದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರುವ ಸಂಗತಿಯಲ್ಲಿ ಇಡೀ ಲೇಖನವೇ ಅಡಗಿದೆ.

‘ಅರ್ಜೆಂಟೀನಾದಲ್ಲಿ ಸಿಕ್ಕ ಕರಡಿಯ ತೂಕ 1,749 ಕಿಲೋ’ ಎಂದು ಬರೆದಿದ್ದೀರಿ. ಯಾರು ತೂಗಿದರು, ಯಾವ ತಕ್ಕಡಿಯಲ್ಲಿ? ಓದುಗರು ಮೊದಲು ಕೇಳುವ ಪ್ರಶ್ನೆ ಇದು. 1935ರಲ್ಲಿ ಲಾ ಪ್ಲಾಟಾ ನಗರದಲ್ಲಿ ಆಸ್ಪತ್ರೆ ಕಟ್ಟಲು ನೆಲ ಅಗೆಯುವಾಗ ಆ ಮೂಳೆಗಳು ಸಿಕ್ಕವು. ಅದೇ ಊರಿನ ವಸ್ತುಸಂಗ್ರಹಾಲಯ ಸೇರಿದವು. ಪಳೆಯುಳಿಕೆ ತಜ್ಞರಾದ ಲಿಯೋಪೋಲ್ಡೊ ಸೊಯಿಬೆಲ್‌ಜೋನ್ ಮತ್ತು ಬ್ಲೇನ್ ಶುಬರ್ಟ್ ಅವುಗಳನ್ನು ಅಳೆದು ಪ್ರಬಂಧ ಪ್ರಕಟಿಸಿದ್ದು 2011ರಲ್ಲಿ. ಇಂದು ಬದುಕಿರುವ ಪ್ರಾಣಿಗಳಲ್ಲಿ ಮುಂಗಾಲಿನ ಮೂಳೆ ಎಷ್ಟು ದಪ್ಪವಿದ್ದರೆ ದೇಹ ಎಷ್ಟು ತೂಗುತ್ತದೆ ಎಂಬ ಲೆಕ್ಕವಿದೆ. ಆ ಲೆಕ್ಕವನ್ನು ಈ ಮೂಳೆಗೆ ಹಚ್ಚಿದಾಗ 1,588ರಿಂದ 1,749 ಕಿಲೋ ಎಂಬ ಅಂದಾಜು ಬಂತು. ಇಂದಿನ ಯಾವ ಕರಡಿಯೂ ಅದರ ಹತ್ತಿರಕ್ಕೆ ಬರುವುದಿಲ್ಲ. ಅಂದರೆ ನಮಗೆ ಗೊತ್ತಿರುವ ಕರಡಿಗಳ ಗಡಿ ದಾಟಿ ಎಳೆದ ಗೆರೆ ಅದು. ನೀವು ಅಂದಾಜಿನ ಮೇಲ್ತುದಿಯನ್ನು ಮಾತ್ರ ಎತ್ತಿಕೊಂಡು ಅದನ್ನೇ ನಿಜವೆಂದು ಸಾರಿದ್ದೀರಿ. ಇದು ಸಣ್ಣ ತಪ್ಪಲ್ಲ.

ತೂಕಕ್ಕಿಂತ ದೊಡ್ಡ ವಿಷಯವೂ ಅದೇ ಮೂಳೆಗಳಲ್ಲಿದೆ. ಅದೊಂದು ಮುದಿ ಗಂಡು. ಬದುಕಿದ್ದಾಗ ಅದಕ್ಕೆ ಆಳವಾದ ಗಾಯಗಳಾಗಿದ್ದವು, ಅವು ಮಾಯ್ದವು, ಆಮೇಲೂ ಅದು ಬಹುಕಾಲ ಬದುಕಿತ್ತು. ಏಟು ತಿಂದು, ಕುಂಟಿಯೋ ತೆವಳಿಯೋ ಹೊಟ್ಟೆ ಹೊರೆದುಕೊಂಡು ವಯಸ್ಸಾದ ಪ್ರಾಣಿಯೊಂದು ಕಣ್ಣೆದುರು ನಿಲ್ಲುತ್ತದೆ. ನಿಮ್ಮ ಲೇಖನದಲ್ಲಿ ‘ಭಯಾನಕ’ ಎಂಬ ಪದ ಹನ್ನೊಂದು ಸಲ ಬಂದಿದೆ. ಆ ಹನ್ನೊಂದನ್ನೂ ಹೊಡೆದುಹಾಕಿ, ಮಾಯ್ದ ಗಾಯದ ಬಗ್ಗೆ ಒಂದು ಪ್ಯಾರಾ ಬರೆಯಿರಿ.

ಇನ್ನು ಉತ್ತರ ಅಮೆರಿಕದ ಗಿಡ್ಡಮೂತಿ ಕರಡಿ, ಆರ್ಕ್ಟೋಡಸ್. ‘ಸಿಕ್ಕಿದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗಿ ಸೀಳುತ್ತಿದ್ದ ಬೇಟೆಗಾರ’ ಎಂದಿದ್ದೀರಿ. ಈ ಚಿತ್ರಕ್ಕೆ ಬಲ ಬಂದದ್ದು 1967ರಲ್ಲಿ ಪಳೆಯುಳಿಕೆ ತಜ್ಞ ಬ್ಯೋರ್ನ್ ಕುರ್ಟೆನ್ ಬರೆದ ಅಧ್ಯಯನದಿಂದ. ನೀವು ಅಲ್ಲಿಗೇ ನಿಂತಿದ್ದೀರಿ. ಬಳಿಕ ಕೆಲವರು ಅದನ್ನು ಹೆಣ ತಿನ್ನುವ ಪ್ರಾಣಿ ಎಂದರು. 2010ರಲ್ಲಿ ಫಿಗೆರಿಡೊ ಮತ್ತು ಸಂಗಡಿಗರು ಅಳತೆ ಹಿಡಿದು ನೋಡಿ, ಅದರ ಮೂತಿ ಅಷ್ಟೇನೂ ಗಿಡ್ಡವಲ್ಲ, ಕಾಲು ಅಷ್ಟೇನೂ ಉದ್ದವಲ್ಲ ಎಂದರು. ಅಲಾಸ್ಕಾ ಕಡೆಯ ಮೂಳೆಗಳಲ್ಲಿ ಭಾರದ ನೈಟ್ರೋಜನ್ (ಮಾಂಸ ತಿಂದಷ್ಟೂ ಮೈಯಲ್ಲಿ ಹೆಚ್ಚುವ, ತುಸು ತೂಕದ ನೈಟ್ರೋಜನ್ ಪರಮಾಣು) ಹೆಚ್ಚಿದೆ, ಅಂದರೆ ಅಲ್ಲಿನವು ಮಾಂಸ ತಿನ್ನುತ್ತಿದ್ದವು. ಲಾಸ್ ಏಂಜಲೀಸ್ ನಗರದ ಲಾ ಬ್ರೇಯಾ ಡಾಂಬರು ಹೊಂಡಗಳಲ್ಲಿ ಸಿಕ್ಕ ಹಲ್ಲುಗಳ ಕಥೆ ಬೇರೆ. ಮೂಳೆ ಕಡಿದು ಪುಡಿಮಾಡಿದ ಸವೆತದ ಗುರುತು ಅವುಗಳಲ್ಲಿ ಇಲ್ಲ, ಕೆಲವಕ್ಕೆ ಹುಳುಕು ಹಿಡಿದಿದೆ! ಬರೀ ಮಾಂಸ ತಿನ್ನುವ ಪ್ರಾಣಿಯ ಹಲ್ಲು ಹಾಗೆ ಹುಳುಕಾಗುವುದಿಲ್ಲ. ಸಿಹಿಹಣ್ಣೋ ಪಿಷ್ಟವಿರುವ ಸೊಪ್ಪುಸದೆಯೋ ಬಾಯಿಗೆ ಬೀಳುತ್ತಿದ್ದಿರಬೇಕು. ಒಂದೇ ಜಾತಿಯ ಪ್ರಾಣಿ, ಒಂದೊಂದು ಸೀಮೆಯಲ್ಲಿ ಒಂದೊಂದು ಊಟ. ನಿಮ್ಮ ರಾಕ್ಷಸನಿಗಿಂತ ಇದು ನನಗೆ ಎಷ್ಟೋ ಪಾಲು ರೋಚಕವಾಗಿ ಕಾಣುತ್ತದೆ.

ಮೈಕಟ್ಟು ನೋಡಿ ತೀರ್ಮಾನಕ್ಕೆ ಧುಮುಕಿ ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. ನಮ್ಮ ದರೋಜಿಯ ಬಂಡೆಗಳ ನಡುವೆ ಅಡ್ಡಾಡುವ ಕರಡಿಯ ಜಾತಿಯನ್ನೇ 1791ರಲ್ಲಿ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಕರಡಿ ಎಂದು ಒಪ್ಪದೆ, ದಕ್ಷಿಣ ಅಮೆರಿಕದ ಮರಗಳಲ್ಲಿ ಜೋತಾಡುವ ಸ್ಲಾತ್‌ಗಳ ಗುಂಪಿಗೆ ಸೇರಿಸಿದ್ದರು. ಇಂಗ್ಲಿಷಿನವರು ಅದನ್ನು ಇವತ್ತಿಗೂ ಸ್ಲಾತ್ ಕರಡಿ ಎನ್ನುವುದರ ಹಿಂದೆ ಆ ಎಡವಟ್ಟಿದೆ.

ಜಾಂಬವಂತನಿಂದ ಆರಂಭಿಸಿದ ಪೀಠಿಕೆ ಬೇಡ. ಕರಡಿಯ ಮೇಲಿನ ಲೇಖನ ಎಂದರೆ ಹತ್ತರಲ್ಲಿ ಒಂಬತ್ತು ಅಲ್ಲಿಂದಲೇ ಹೊರಡುತ್ತವೆ. ಯುರೋಪಿನ ಗುಹಾಕರಡಿಯನ್ನೂ ಇವುಗಳ ಜೊತೆ ಕಲಸಿದ್ದೀರಿ. ಅದು ಇಂದಿನ ಕಂದು ಕರಡಿಯ ಹತ್ತಿರದ ಬಳಗ, ಬಹುತೇಕ ಸಸ್ಯಾಹಾರಿ. ಅದಕ್ಕೆ ಬೇರೆಯದೇ ಲೇಖನ ಬೇಕು. ಅರ್ಜೆಂಟೀನಾದ ಕರಡಿ ಮತ್ತು ಆರ್ಕ್ಟೋಡಸ್, ಈ ಎರಡು ಅಮೆರಿಕನ್ ದೈತ್ಯರ ಬದುಕುಳಿದ ನಂಟ ಒಂದೇ, ಆಂಡೀಸ್ ಪರ್ವತಗಳ ಕನ್ನಡಕದ ಕರಡಿ. 2016ರಲ್ಲಿ ಚಿಲಿಯ ಗುಹೆಯೊಂದರ ಮೂಳೆಯಿಂದ ತೆಗೆದ ಡಿಎನ್‌ಎ ಮತ್ತೊಂದು ಅಚ್ಚರಿ ತಂದಿತು: ದಕ್ಷಿಣದ ದೈತ್ಯನ ಕುಲ ಉತ್ತರದ ದೈತ್ಯನಿಗಿಂತ ಈ ಕನ್ನಡಕದ ಕರಡಿಗೇ ಹತ್ತಿರ. ಹಾಗಾದರೆ ಎರಡೂ ಕುಲಗಳು ಬೇರೆಬೇರೆಯಾಗಿಯೇ ಆ ಗಾತ್ರಕ್ಕೆ ಬೆಳೆದಿದ್ದವು. ದಕ್ಷಿಣದಲ್ಲಿ ಮೊದಲು ಬಂದವೇ ದೈತ್ಯವಾಗಿದ್ದು, ಅವುಗಳ ಬಳಿಕದ ಜಾತಿಗಳು ಚಿಕ್ಕವಾಗುತ್ತ ಬಂದವು. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ನಿಮ್ಮ ವಾಕ್ಯಗಳು ಚುರುಕಾಗಿವೆ, ಉಸಿರು ಕಟ್ಟಿಸುವುದಿಲ್ಲ. ವಿಜ್ಞಾನ ಬರೆಯುವವರಲ್ಲಿ ಅದು ಅಪರೂಪ, ಹೊಗಳಿಕೆಗಾಗಿ ಹೇಳುತ್ತಿಲ್ಲ. ಲಾ ಪ್ಲಾಟಾದ ಅಗೆತದಿಂದ ಶುರುಮಾಡಿ, ಸಾವಿರದ ಇನ್ನೂರು ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ಹುಳುಕು ಹಲ್ಲಿನ ಚಿತ್ರವೊಂದು ಅನುಮತಿಯೊಂದಿಗೆ ಸಿಕ್ಕರೆ ಲಗತ್ತಿಸಿ. ಉಗುರು ಚಾಚಿ ಘರ್ಜಿಸುವ ಚಿತ್ರ ಬೇಡ.

ವಿಶ್ವಾಸದಿಂದ,
ಸಂಪಾದಕ