ಲೇಖನ ವಾಪಸ್ ಕಳಿಸುತ್ತಿದ್ದೇನೆ, ಕಾರಣಗಳ ಸಮೇತ

ಪ್ರಿಯ ಲೇಖಕರೇ,

ನಮಸ್ಕಾರ. ‘ಒಳ್ಳೆಯವರಾಗಿ ಬಾಳಲು ಧರ್ಮಗ್ರಂಥ ಬೇಕೇ?’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಇಲ್ಲಿಗೇ ಬಿಟ್ಟುಬಿಡಿ ಎಂದೂ ಹೇಳಲಾರೆ. ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ನೀವು ಅದರ ಪಕ್ಕದಲ್ಲೇ ಹಾದು ಮುಂದೆ ಹೋಗಿಬಿಟ್ಟಿದ್ದೀರಿ. ಅದಕ್ಕೇ ಇಷ್ಟು ಉದ್ದದ ಪತ್ರ.

ನಿಮ್ಮ ವಾದ ಇಷ್ಟು: ಧರ್ಮಗ್ರಂಥಗಳಲ್ಲಿ ಕ್ರೂರವಾದ ಮಾತುಗಳೂ ಇವೆ. ಅವನ್ನು ನಂಬದವರಲ್ಲೂ ಒಳ್ಳೆಯವರಿದ್ದಾರೆ. ಒಳಿತು ಕೆಡುಕಿನ ಅರಿವು ನಮಗೆ ಹುಟ್ಟಿನಿಂದಲೇ ಬರುತ್ತದೆ. ಆದ್ದರಿಂದ ಗ್ರಂಥ ಬೇಡ. ಈ ಕೊನೆಯ ಮಾತನ್ನು ನಾನೂ ಹೆಚ್ಚುಕಡಿಮೆ ಒಪ್ಪುತ್ತೇನೆ. ನನ್ನ ತಕರಾರು ನಿಮ್ಮ ನಿಲುವಿನ ಬಗ್ಗೆ ಅಲ್ಲ. ಅಲ್ಲಿಗೆ ನೀವು ತುಂಬಾ ಸಲೀಸಾಗಿ ತಲುಪಿದ್ದೀರಿ, ಅದರ ಬಗ್ಗೆ.

ಮೊದಲು ಪುರಾವೆಗಳ ವಿಷಯ. ‘ಧಾರ್ಮಿಕ ಮನೆಗಳ ಮಕ್ಕಳು ಹಂಚಿಕೊಳ್ಳುವುದರಲ್ಲಿ ಹಿಂದೆ ಎಂದು ವಿಜ್ಞಾನವೇ ಸಾಬೀತು ಮಾಡಿದೆ’ ಎಂದು ಬರೆದಿದ್ದೀರಿ. ಅದು 2015ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಬಂದ, ಆರು ದೇಶಗಳ ಮಕ್ಕಳ ಮೇಲೆ ನಡೆದ ಅಧ್ಯಯನ. ಆಗ ಅದು ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ಸಂಶೋಧಕರು ಅದೇ ಅಂಕಿಅಂಶಗಳನ್ನು ಮತ್ತೆ ಲೆಕ್ಕ ಹಾಕಿದರು. ದೇಶಗಳನ್ನು ಗುರುತಿಸಲು ಕೊಟ್ಟಿದ್ದ ಸಂಖ್ಯೆಗಳನ್ನು ನಿಜವಾದ ಅಳತೆಗಳೇನೋ ಎಂಬಂತೆ ಲೆಕ್ಕಕ್ಕೆ ಸೇರಿಸಿದ್ದು ಬೆಳಕಿಗೆ ಬಂತು. ತಪ್ಪು ಸರಿಪಡಿಸಿದರೆ ಮುಖ್ಯ ತೀರ್ಮಾನವೇ ನಿಲ್ಲಲಿಲ್ಲ. 2019ರಲ್ಲಿ ಆ ಪ್ರಬಂಧವನ್ನು ಬರೆದವರೇ ಹಿಂದಕ್ಕೆ ಪಡೆದರು. ಗೊಂಬೆಯಾಟ ತೋರಿಸಿದರೆ ಹಸುಗೂಸುಗಳು ಇನ್ನೊಂದಕ್ಕೆ ಸಹಾಯ ಮಾಡುವ ಗೊಂಬೆಯನ್ನೇ ಇಷ್ಟಪಡುತ್ತವೆ ಎಂದು ನೀವು ಉದಾಹರಿಸಿದ 2007ರ ಪ್ರಯೋಗದ ಕಥೆಯೂ ಸ್ವಲ್ಪ ಹಾಗೆಯೇ. ಹಲವು ದೇಶಗಳ ಪ್ರಯೋಗಾಲಯಗಳು ಜೊತೆಗೂಡಿ ನೂರಾರು ಮಕ್ಕಳ ಮೇಲೆ ಅದನ್ನು ಮತ್ತೆ ಮಾಡಿ ನೋಡಿದಾಗ ಆ ಒಲವು ಕಾಣಿಸಲಿಲ್ಲ. ಈ ಎರಡೂ ಭಾಗಗಳನ್ನು ತೆಗೆಯಿರಿ. ನಮ್ಮ ಪರವಾಗಿ ಬಂದ ಸುದ್ದಿಯನ್ನು ನಾವು ಯಾರೂ ಕೆದಕಿ ನೋಡುವುದಿಲ್ಲ. ನಂಬಿದವರನ್ನು ‘ಯೋಚಿಸದೆ ಒಪ್ಪುವವರು’ ಎಂದು ಕರೆಯುವ ಲೇಖನದಲ್ಲಂತೂ ಇಂಥದ್ದು ಇರಲೇಬಾರದು.

ಎರಡನೆಯದು, ನೀವು ಉದ್ದಕ್ಕೂ ಎರಡು ಪ್ರಶ್ನೆಗಳನ್ನು ಒಂದು ಮಾಡಿದ್ದೀರಿ. ಗ್ರಂಥ ಬೇಡ ಅನ್ನುವುದು ಒಂದು ಮಾತು. ದೇವರು ಬೇಡ ಅನ್ನುವುದು ಇನ್ನೊಂದು. ‘ಕಳಬೇಡ ಕೊಲಬೇಡ’ ವಚನವನ್ನು ದೇವರಿಲ್ಲದ ನೀತಿಗೆ ಉದಾಹರಣೆಯಾಗಿ ಕೊಟ್ಟಿದ್ದೀರಿ. ಆದರೆ ವಚನದ ಕೊನೆಯ ಸಾಲನ್ನು ಕೈಬಿಟ್ಟಿದ್ದೀರಿ. ‘ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ’ ಎಂದು ಅದು ಮುಗಿಯುತ್ತದೆ. ಬಸವಣ್ಣನವರು ಶಾಸ್ತ್ರವನ್ನು ಪ್ರಶ್ನಿಸಿದರು, ದೇವರನ್ನು ಬಿಡಲಿಲ್ಲ. ಕನ್ನಡ ಓದುಗರಲ್ಲಿ ಈ ಸಾಲು ಬಾಯಿಗೆ ಬರುವವರು ಎಷ್ಟೋ ಜನರಿದ್ದಾರೆ. ನೀವು ಅದನ್ನು ಬಿಟ್ಟಿದ್ದು ಕಂಡ ಕೂಡಲೇ ಅವರು ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ದೇವರ ಪ್ರಶ್ನೆಯನ್ನೇ ಎತ್ತಿಕೊಳ್ಳುವುದಾದರೆ ಅದಕ್ಕೆ ಗಟ್ಟಿಯಾದ ಹಳೆಯ ದಾರಿ ಇದೆ. ಪ್ರಾಚೀನ ಗ್ರೀಸಿನ ತತ್ವಜ್ಞಾನಿ ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಯೂಥಿಫ್ರೋ ಎಂಬವನು ತನ್ನ ತಂದೆಯ ಮೇಲೆಯೇ ಕೊಲೆ ಮೊಕದ್ದಮೆ ಹೂಡಲು ಬಂದಿರುತ್ತಾನೆ. ಇದು ದೇವತೆಗಳಿಗೆ ಮೆಚ್ಚುಗೆಯ ಕೆಲಸ ಎಂದು ಅವನಿಗೆ ಖಾತ್ರಿ. ಸಾಕ್ರಟೀಸ್ ಕೇಳುತ್ತಾನೆ: ಒಂದು ಕೆಲಸ ಒಳ್ಳೆಯದಾದ್ದರಿಂದ ದೇವತೆಗಳು ಮೆಚ್ಚುತ್ತಾರೋ, ಅವರು ಮೆಚ್ಚಿದ್ದರಿಂದಲೇ ಅದು ಒಳ್ಳೆಯದಾಗುತ್ತದೋ? ಮೊದಲನೆಯದನ್ನು ಒಪ್ಪಿದರೆ ಒಳಿತು ದೇವತೆಗಳಿಗಿಂತಲೂ ಮೊದಲೇ ಇತ್ತು ಎಂದಾಗುತ್ತದೆ. ಎರಡನೆಯದನ್ನು ಒಪ್ಪಿದರೆ ನಾಳೆ ಅವರು ಕ್ರೌರ್ಯವನ್ನು ಮೆಚ್ಚಿದರೆ ಅದೂ ಒಳಿತೇ. ಇಷ್ಟು ಹೇಳಿದರೆ ಸಾಕು. ನಿಮ್ಮ ಮೂರು ಪುಟಗಳ ತರ್ಕ ಮಾಡದ ಕೆಲಸವನ್ನು ಇದೊಂದೇ ಪ್ರಶ್ನೆ ಮಾಡುತ್ತದೆ.

ಇನ್ನು ನಿಮ್ಮ ಅಜ್ಜಿ. ಓದು ಬರಹ ಗೊತ್ತಿಲ್ಲದ, ಯಾವ ಗ್ರಂಥವನ್ನೂ ಮುಟ್ಟದ, ಆದರೂ ಯಾರಿಗೂ ಕೇಡು ಬಯಸದ ಅಜ್ಜಿ. ಅವರ ಬಗ್ಗೆ ನಿಮಗಿರುವ ಪ್ರೀತಿ ನನಗೂ ತಟ್ಟಿತು. ಆದರೆ ಅವರು ನಿಮ್ಮ ವಾದಕ್ಕೆ ಸಾಕ್ಷಿ ಆಗಲಾರರು. ಬಾಲ್ಯದಿಂದ ಪುರಾಣದ ಕಥೆ ಕೇಳುತ್ತಾ ಬೆಳೆದರು ಎಂದು ಮುಂದಿನ ಸಾಲಿನಲ್ಲೇ ನೀವೇ ಬರೆದಿದ್ದೀರಿ. ಚರಿತ್ರೆಯ ಉದ್ದಕ್ಕೂ ಬಹುಪಾಲು ಜನ ಗ್ರಂಥವನ್ನು ಓದಿದವರಲ್ಲ, ಕೇಳಿದವರು. ಅದು ಅವರೊಳಗೆ ಕಿವಿಯಿಂದ ಇಳಿಯಿತು, ಹಾಡಿನಿಂದ ಇಳಿಯಿತು, ಬೈಗುಳದಿಂದಲೂ ಇಳಿಯಿತು. ಅಜ್ಜಿಯನ್ನು ಉಳಿಸಿಕೊಳ್ಳಿ, ಆದರೆ ಇದನ್ನು ಒಪ್ಪಿಕೊಂಡು ಬರೆಯಿರಿ. ಗ್ರಂಥ ಎಲ್ಲಿ ಮುಗಿಯುತ್ತದೆ, ಮನುಷ್ಯರ ರೂಢಿಯ ವಿವೇಕ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. ಆ ಕಷ್ಟವೇ ನಿಮ್ಮ ವಿಷಯ.

ಗ್ರಂಥಗಳಲ್ಲಿರುವ ಕ್ರೂರ ಸಾಲುಗಳ ಪಟ್ಟಿಗೆ ನೀವು ಎರಡು ಪುಟ ಕೊಟ್ಟಿದ್ದೀರಿ. ಪಟ್ಟಿ ಬೇಡ. ಒಂದೇ ಉದಾಹರಣೆ ತೆಗೆದುಕೊಂಡು ಅದರ ಆಳಕ್ಕೆ ಇಳಿಯಿರಿ. ಉದಾಹರಣೆಗೆ, 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷರ ವೆಸ್ಟ್ ಇಂಡೀಸ್ ವಸಾಹತುಗಳಲ್ಲಿದ್ದ ಗುಲಾಮರಿಗೆಂದೇ ಆರಿಸಿ ಕತ್ತರಿಸಿದ ಬೈಬಲ್. ಮೋಶೆ ತನ್ನ ಜನರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿ ಕರೆದೊಯ್ಯುವ ಕಥೆ ಅದರಲ್ಲಿಲ್ಲ. ದಾಸರು ಒಡೆಯರಿಗೆ ವಿಧೇಯರಾಗಿರಬೇಕು ಎಂಬ, ಎಫೆಸದವರಿಗೆ ಬರೆದ ಪತ್ರದ ಮಾತು ಇದೆ. ಕತ್ತರಿ ಹಿಡಿದವರಿಗೆ ಯಾವುದು ಬೇಕು, ಯಾವುದು ಬೇಡ ಎಂಬುದು ಮೊದಲೇ ಗೊತ್ತಿತ್ತು. ಪುಸ್ತಕ ಅವರಿಗೆ ಅದನ್ನು ಕಲಿಸಲಿಲ್ಲ. ಇಲ್ಲಿಯವರೆಗೆ ಇದು ನಿಮ್ಮ ಪರವಾಗಿದೆ.

ಆದರೆ ಇಲ್ಲಿಗೆ ನಿಲ್ಲಿಸಬೇಡಿ. ಪುಸ್ತಕಕ್ಕೆ ಶಕ್ತಿಯೇ ಇಲ್ಲದಿದ್ದರೆ ಆ ಕಥೆಯನ್ನು ಕತ್ತರಿಸುವ ಅಗತ್ಯ ಏನಿತ್ತು? ಅದು ಗುಲಾಮರ ಕಿವಿಗೆ ಬಿದ್ದರೆ ಏನಾಗಬಹುದು ಎಂಬ ಭಯ ಒಡೆಯರಿಗಿತ್ತು ಅಲ್ವಾ? ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡ್ರಿಕ್ ಡಗ್ಲಸ್ 1845ರಲ್ಲಿ ತನ್ನ ಆತ್ಮಕಥೆ ಬರೆದರು. ಅದರ ಕೊನೆಯಲ್ಲಿ ಗುಲಾಮರನ್ನಿಟ್ಟುಕೊಂಡವರ ಧರ್ಮ ಬೇರೆ, ಕ್ರಿಸ್ತನ ಧರ್ಮ ಬೇರೆ ಎಂದು ಸ್ಪಷ್ಟವಾಗಿ ಹೇಳಿದರು. ಚಾಟಿ ಬೀಸುವವರೂ ಅದೇ ಗ್ರಂಥ ಹಿಡಿದಿದ್ದರು, ಚಾಟಿಯನ್ನು ಖಂಡಿಸಿದವರೂ ಅದನ್ನೇ ಹಿಡಿದಿದ್ದರು. ಯಾವ ಪುಟ ತೆರೆಯಬೇಕು ಎಂದು ಹೇಳುವ ಮನಸ್ಸಾಕ್ಷಿ ಪುಸ್ತಕದ ಹೊರಗಿರಬೇಕು. ಆದರೆ ಆ ಮನಸ್ಸಾಕ್ಷಿಗೆ ಮಾತು ಕೊಟ್ಟದ್ದು, ಒಂಟಿತನದಲ್ಲಿ ಧೈರ್ಯ ಕೊಟ್ಟದ್ದು, ಎಷ್ಟೋ ಸಲ ಪುಸ್ತಕವೇ. ಈ ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಮಾಡಿದರೆ ನಿಮ್ಮ ಲೇಖನಕ್ಕೆ ಬೆನ್ನುಮೂಳೆ ಬರುತ್ತದೆ.

ನಂಬಿಕೆಯ ಹೆಸರಲ್ಲಿ ಕೊಂದ ದೊರೆಗಳ ಪಟ್ಟಿಯೂ ಬೇಡ. ಎದುರಾಳಿ ತಕ್ಷಣ ದೇವರನ್ನು ನಂಬದೆಯೂ ಲಕ್ಷಾಂತರ ಜನರನ್ನು ಕೊಲ್ಲಿಸಿದ ಸೋವಿಯತ್ ನಾಯಕ ಸ್ಟಾಲಿನ್ ಹೆಸರು ಹೇಳುತ್ತಾನೆ, ಚರ್ಚೆ ಅಲ್ಲಿಗೇ ಸತ್ತುಹೋಗುತ್ತದೆ. ಬೇಕಿದ್ದರೆ ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯನ್ನು ನೋಡಿ. ದೇವರ ಹೆಸರು ಸೇರಿಸಬೇಕು ಎಂಬ ಸಲಹೆ ಬಂದರೂ ಸೇರಿಸಲಿಲ್ಲ. ಬೇರೆ ಬೇರೆ ಗ್ರಂಥಗಳನ್ನು ನಂಬುವವರೂ ಯಾವುದನ್ನೂ ನಂಬದವರೂ ಇರುವ 48 ದೇಶಗಳು ಒಪ್ಪಿದವು. ಮತ ಹಾಕದೆ ತಟಸ್ಥವಾಗಿ ಉಳಿದ 8 ದೇಶಗಳಲ್ಲಿ ಸೌದಿ ಅರೇಬಿಯಾವೂ ಇತ್ತು, ಸೋವಿಯತ್ ಒಕ್ಕೂಟವೂ ಇತ್ತು. ನಂಬಿಕೆ ಒಂದು ಕಡೆ, ನೀತಿ ಇನ್ನೊಂದು ಕಡೆ ಎಂದು ನೀವು ಎಳೆದ ಗೆರೆಯ ಮೇಲೆ ಈ ಜಗತ್ತು ನಿಂತಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ನೀವು ನೀತಿ ಎಂದರೆ ಯಾವುದು ಸರಿ ಎಂದು ತಿಳಿದಿರುವುದು ಎಂದುಕೊಂಡಿದ್ದೀರಿ. ಗ್ರಂಥ ಬೇಕು ಅನ್ನುವವರೂ ಹಾಗೇ ಅಂದುಕೊಳ್ಳುತ್ತಾರೆ. ಒಬ್ಬರು ಆ ತಿಳಿವಳಿಕೆ ಪುಸ್ತಕದಿಂದ ಬರುತ್ತದೆ ಅನ್ನುತ್ತಾರೆ, ಇನ್ನೊಬ್ಬರು ವಿಚಾರದಿಂದ ಅನ್ನುತ್ತಾರೆ. ಆದರೆ ನಾವು ತಪ್ಪು ಮಾಡುವ ಹೊತ್ತಿನಲ್ಲಿ ಬಹಳ ಸಲ ನಮಗೆ ಸರಿ ಯಾವುದೆಂದು ಗೊತ್ತೇ ಇರುತ್ತದೆ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಲು ಅವರಿಗೆ ಹೇಳಿದರು. ಕೆಲವರ ವಿಷಯ ಬೈಬಲಿನ ಒಳ್ಳೆಯ ಸಮಾರ್ಯದವನ ಕಥೆ, ಅಂದರೆ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪೂಜಾರಿ ನೋಡಿಯೂ ಮುಂದೆ ಹೋದಾಗ ಹೊರಗಿನವನೊಬ್ಬ ಎತ್ತಿ ಉಪಚರಿಸಿದ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ನರಳುವಂತೆ ಏರ್ಪಾಡು ಮಾಡಿದ್ದರು. ಅವಸರ ಇಲ್ಲದವರಲ್ಲಿ 100ಕ್ಕೆ 63ರಷ್ಟು ಮಂದಿ ನೆರವಾದರು. ತಡವಾಯಿತು ಎಂದು ಹೇಳಿಸಿಕೊಂಡು ಓಡಿದವರಲ್ಲಿ 100ಕ್ಕೆ 10ರಷ್ಟು ಮಾತ್ರ. ತಲೆಯಲ್ಲಿ ಆ ಕಥೆಯೇ ಓಡುತ್ತಿತ್ತೋ ಇಲ್ಲವೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಒಟ್ಟು 40 ಮಂದಿಯ ಸಣ್ಣ ಪ್ರಯೋಗ, ಇದರ ಮೇಲೆ ಮಹಲು ಕಟ್ಟಬೇಡಿ. ಗ್ರಂಥ ಸೋತಿತು ಎಂದು ಸಂಭ್ರಮಿಸಲೂಬೇಡಿ. ಅವರ ತಲೆಯಲ್ಲಿ ನಿಮ್ಮ ವಿಚಾರವಾದದ ಪುಸ್ತಕ ಇದ್ದಿದ್ದರೂ ಓಡುವವರು ಓಡುತ್ತಲೇ ಇರುತ್ತಿದ್ದರು ಎಂದೇ ನನಗೆ ಅನ್ನಿಸುತ್ತದೆ.

ಹಾಗಾದರೆ ನಿಲ್ಲಿಸುವುದು ಯಾವುದು? ನಿಮ್ಮ ಏಳನೇ ಪುಟದಲ್ಲಿ ಇದಕ್ಕೆ ಉತ್ತರದ ಎಳೆ ಇದೆ. ಯಾವ ದೇವರನ್ನೂ ನಂಬದ ನಿಮ್ಮ ಗೆಳೆಯರೊಬ್ಬರು ಕಚೇರಿಯಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕಲು ಒಪ್ಪಲಿಲ್ಲ, ಅದರಿಂದ ಬಡ್ತಿ ಕಳೆದುಕೊಂಡರು. ಇದನ್ನು ಒಂದೇ ವಾಕ್ಯದಲ್ಲಿ ಸುಮ್ನೆ ಹೇಳಿ ಮುಗಿಸಿದ್ದೀರಿ! ಅವರು ಆ ರಾತ್ರಿ ಯಾರ ಹತ್ತಿರ ಮಾತಾಡಿದರು? ನಂಬುವವರಿಗೆ ಇಂಥ ಹೊತ್ತಲ್ಲಿ ಪ್ರಾರ್ಥನೆ ಇದೆ, ಜೊತೆಯವರಿದ್ದಾರೆ, ‘ನೀನು ಮಾಡಿದ್ದು ಸರಿ’ ಎನ್ನುವ ಹಳೆಯ ದನಿ ಇದೆ. ಅವರಿಗೆ ಏನಿತ್ತು? ಮನೆಯವರು ಬೈದರೇ? ಆಮೇಲೆ ಪಶ್ಚಾತ್ತಾಪ ಆಯಿತೇ? ಮನುಷ್ಯರಿಗೆ ಗ್ರಂಥ ಬೇಕೇಬೇಕು ಎಂದು ನಾನು ನಂಬುವುದಿಲ್ಲ. ಆದರೆ ಯಾರೂ ಒಂಟಿಯಾಗಿ ಬಹಳ ಕಾಲ ಒಳ್ಳೆಯವರಾಗಿ ಉಳಿಯಲಾರರು ಎಂದು ನಂಬುತ್ತೇನೆ. ಜಾರುವಾಗ ಹಿಡಿಯುವವರು, ತಪ್ಪಿದಾಗ ಕೇಳುವವರು ಬೇಕು. ಗ್ರಂಥದ ಸುತ್ತ ಕಟ್ಟಿಕೊಂಡ ಬದುಕಿನಲ್ಲಿ ಇದು ಹಲವರಿಗೆ ಸಿಗುತ್ತದೆ. ಅದನ್ನು ಬಿಟ್ಟು ಬಂದವರು ಎಲ್ಲಿಂದ ಪಡೆಯುತ್ತಾರೆ? ಇದನ್ನು ನೀವು ಕೇಳಿಯೇ ಇಲ್ಲ. ನಿಮ್ಮ ಗೆಳೆಯರಿಗೆ ಇದು ಗೊತ್ತಿದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮೌಢ್ಯ’, ‘ಅಂಧಶ್ರದ್ಧೆ’ ಪ್ರತಿ ಪುಟದಲ್ಲೂ ಇವೆ, ತೆಗೆಯಿರಿ. ನಂಬುವ ಓದುಗರೊಬ್ಬರು ಎದುರಿಗೆ ಕೂತಿದ್ದಾರೆ ಎಂದುಕೊಂಡು ಬರೆಯಿರಿ, ಅವರನ್ನು ಸೋಲಿಸಲಿಕ್ಕಲ್ಲ, ಅವರಿಗೆ ಅರ್ಥವಾಗಲಿಕ್ಕೆ.

ಗೆಳೆಯರ ಹತ್ತಿರ ಮಾತಾಡಿ. ಹೆಸರು, ಕಚೇರಿಯ ಗುರುತು ಬರದಂತೆ ಬರೆಯಲು ಅವರ ಒಪ್ಪಿಗೆ ಕೇಳಿ. ಅವರಿಂದಲೇ ಲೇಖನ ಶುರು ಮಾಡಿ, ಈಗಿರುವುದರ ಅರ್ಧದಷ್ಟು ಉದ್ದ ಸಾಕು. ಅವರ ಉತ್ತರ ನಿಮ್ಮ ವಾದಕ್ಕೆ ವಿರುದ್ಧವಾಗಿ ಬಂದರೂ ಹಾಗೇ ಬರೆದು ನನ್ನ ಹೆಸರಿಗೇ ಕಳಿಸಿ. ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ