ಮನೆಯ ಹಳೆ ಪ್ರೀಮಿಯರ್ ಪದ್ಮಿನಿ ನೀಲಿ ಹೊಗೆ ಬಿಡುತ್ತಿದೆ. ಇಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟಬಹುದಾ? ಯಾವ ಕಂಪನಿ ಪಿಸ್ಟನ್ ಒಳ್ಳೆಯದು?

ಕಟ್ಟಬಹುದು. ತುಮಕೂರಿನಲ್ಲಿ ನಮ್ಮ ಮನೆ ಮುಂದಿನ ಶೀಟಿನ ಶೆಡ್ಡಿನಲ್ಲಿ ಇದೇ ಇಂಜಿನ್ ಕಟ್ಟಿದ್ದೇನೆ. ಅಪ್ಪನ ಕಾರು. ಕಟ್ಟಿ, ಓಡಿಸಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟಬೇಕಾಯಿತು. ಆ ಮತ್ತೆ ಬಿಚ್ಚುವ ಕೆಲಸ ಯಾಕೆ ಬಂತು ಅನ್ನೋದನ್ನೇ ಇಲ್ಲಿ ಹೆಚ್ಚಾಗಿ ಬರೆಯುತ್ತೇನೆ. ಪಿಸ್ಟನ್ ಯಾವ ಕಂಪನಿದು ಅನ್ನುವ ಪ್ರಶ್ನೆ ಆಗ ನನಗೂ ತುಂಬಾ ದೊಡ್ಡದಾಗಿ ಕಂಡಿತ್ತು. ಹೆಸರಿರುವ ಯಾವ ಕಂಪನಿಯದಾದರೂ ಸರಿ. ನಿಮ್ಮ ಇಂಜಿನ್ ಬಾಳುವುದು ಕೆಡುವುದು ಅದರಿಂದಲ್ಲ.

ಮೊದಲು ಒಂದು ಮಾತು. ಇದು ಮನೆಯಲ್ಲಿ ಕಲಿಯಲು ಬಹಳ ಒಳ್ಳೆಯ ಇಂಜಿನ್. ಫಿಯೆಟ್ 1100ರದ್ದು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್‌ನವರು ಅದನ್ನೇ ದಶಕಗಟ್ಟಲೆ ಕಟ್ಟಿದರು. ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), 1089 ಸಿಸಿ. ಸಿಲಿಂಡರುಗಳಿರುವ ಬ್ಲಾಕ್ ಬೀಡುಕಬ್ಬಿಣದ್ದು, ಅದರ ಮೇಲೆ ವಾಲ್ವ್‌ಗಳಿರುವ ಹೆಡ್ ಅಲ್ಯೂಮಿನಿಯಂದು. ಕ್ಯಾಮ್ ಶಾಫ್ಟ್ ಬ್ಲಾಕಿನ ಒಳಗೇ ಇದೆ, ಪುಶ್ ರಾಡ್‌ಗಳು ವಾಲ್ವ್ ಎತ್ತುತ್ತವೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಇದನ್ನು ಕಿತ್ತು ಡೀಸೆಲ್ ಇಂಜಿನ್ ಕೂರಿಸಿ, ಮಾರುತಿ ಇಂಜಿನ್ ಕೂರಿಸಿ ಅಂತ ಹೇಳುವವರು ನಿಮಗೂ ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಇಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಅದಕ್ಕಿಂತ ಮುಖ್ಯವಾಗಿ, ಆಮೇಲೆ ಅದು ನಿಮ್ಮ ಮನೆಯ ಪದ್ಮಿನಿ ಆಗಿ ಉಳಿಯುವುದಿಲ್ಲ.

ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಅಂತ. ಹೊಗೆ ಬಂತು ಅಂತ ತಕ್ಷಣ ಸ್ಪ್ಯಾನರ್ ಹಿಡಿಯಲೂಬೇಡಿ. ನಮ್ಮ ಕಡೆ ದೇವರಾಯನದುರ್ಗದ ಘಾಟಿ ಇದೆ, ನಿಮ್ಮ ಹತ್ತಿರ ಯಾವುದಾದರೂ ಇಳಿಜಾರು ಇದ್ದೇ ಇರುತ್ತದೆ. ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿಸಿ, ಕೆಳಗೆ ಬಂದು ಒತ್ತಿದಾಗ ಮಾತ್ರ ಒಂದು ಸಲ ನೀಲಿ ಹೊಗೆ ಬುಸ್ ಅಂದರೆ ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಆಡುವ ಕೊಳವೆ) ಸವೆದಿದೆ ಅಂತ. ಹತ್ತುವಾಗ ಬಿಡದೆ ಬರುತ್ತಿದ್ದರೆ ಪಿಸ್ಟನ್ ರಿಂಗ್, ಬೋರ್ ಸವೆದಿವೆ ಅಂತ. ಆಮೇಲೆ ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರ್ ಒಳಗೆ ಹುಟ್ಟುವ ಒತ್ತಡ, ನೋಡಿಸಿ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸೋರುತ್ತಿದೆ, ಏರದಿದ್ದರೆ ವಾಲ್ವ್. ವಾಲ್ವ್ ಮಾತ್ರ ಆಗಿದ್ದರೆ ಹೆಡ್ ಇಳಿಸಿದರೆ ಸಾಕು, ಬ್ಲಾಕ್ ಮುಟ್ಟಬೇಡಿ.

ಇನ್ನು "ಮನೆಯಲ್ಲೇ" ಅನ್ನುವ ಮಾತು. ಬಿಚ್ಚುವುದು, ತೊಳೆಯುವುದು, ಅಳೆಯುವುದು, ಕಟ್ಟುವುದು ಮನೆಯಲ್ಲಿ. ಬೋರ್ ಮಾಡುವುದು (ಸಿಲಿಂಡರ್ ಕೊರೆದು ಅಗಲ ಮಾಡುವುದು), ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಗ್ರೈಂಡಿಂಗ್, ಹೆಡ್ ಫೇಸಿಂಗ್ (ಹೆಡ್ಡಿನ ಅಡಿ ಸಮ ಮಾಡುವುದು) ಲೇತಿನವರ ಹತ್ತಿರ. ಅಲ್ಲಿ ಹಟ ಬೇಡ. ಡ್ರಿಲ್ ಮಷಿನ್ನಿಗೆ ಹೋನ್ ಕಲ್ಲು (ಬೋರಿನ ಒಳಮೈ ಉಜ್ಜುವ ಕಲ್ಲು) ಸಿಕ್ಕಿಸಿ ಮನೆಯಲ್ಲೇ ಬೋರ್ ಸರಿ ಮಾಡುವ ವಿಡಿಯೋ ನೀವು ನೋಡಿರಬಹುದು. ಅಂಡಾಕಾರಕ್ಕೆ ಸವೆದ ಬೋರ್ ಅದರಿಂದ ದುಂಡಗಾಗಲ್ಲ.

ನಮ್ಮ ಬ್ಲಾಕಿನ ಬೋರುಗಳ ಮೇಲ್ತುದಿಯಲ್ಲಿ ಉಗುರಿಗೆ ತಡೆಯುವಷ್ಟು ಏಣು ಬಿದ್ದಿತ್ತು. ಬೋರ್ ಮಾಡಿಸದೆ ದಾರಿ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ 20 ಥೌ ಓವರ್‌ಸೈಜ್ ಪಿಸ್ಟನ್ ತಂದೆ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, 20 ಥೌ ಅಂದರೆ ಸುಮಾರು ಅರ್ಧ ಮಿಲಿಮೀಟರ್. ಪಿಸ್ಟನ್ ಕೈಯಲ್ಲಿ ಇದ್ದ ಮೇಲೆಯೇ ಬೋರ್ ಮಾಡಿಸಬೇಕು, ಒಂದೊಂದು ಪಿಸ್ಟನ್ ಅಳೆದು ಅದರ ಸಿಲಿಂಡರ್ ತೆಗೆಯುತ್ತಾರೆ. ಕ್ರ್ಯಾಂಕ್ ಕೂಡ 10 ಥೌ ಗ್ರೈಂಡ್ ಆಯಿತು. ಬ್ಲಾಕ್ ವಾಪಸ್ ಬಂದಾಗ ಬೋರ್ ಒಳಗೆ ಹೋನಿಂಗ್ ಗೆರೆಗಳು ಅಡ್ಡಡ್ಡ ಹೆಣೆದಂತೆ ಎಷ್ಟು ಚೆನ್ನಾಗಿ ಕಾಣುತ್ತಿದ್ದವು ಅಂದರೆ, ಅಪ್ಪನನ್ನು ಕರೆದು ತೋರಿಸಿದ್ದೆ.

"ಸೀಮೆಎಣ್ಣೇಲಿ ತೊಳ್ದು ಕಟ್ಬಿಡಿ ಸಾರ್" ಅಂದರು ಅಂಗಡಿಯವರು. ಎಲ್ಲರೂ ಹೇಳುವುದು ಅದನ್ನೇ, ಅವರನ್ನು ದೂರುವುದಿಲ್ಲ. ನಾನು ಸೀಮೆಎಣ್ಣೆಯಲ್ಲಿ ತೊಳೆದೆ. ಸಾಲದು ಅಂತ ಪೆಟ್ರೋಲಿನಲ್ಲೂ ತೊಳೆದೆ. ಗಾಳಿ ಹೊಡೆಸಿದೆ. ಬನಿಯನ್ ವೇಸ್ಟಿನಲ್ಲಿ ಒರೆಸಿದೆ. ಕಟ್ಟಿದೆ.

ಕಾರು ಚೆನ್ನಾಗಿಯೇ ಓಡಿತು. ಸಾವಿರ ಕಿಲೋಮೀಟರ್ ಮುಗಿಯುವ ಮೊದಲೇ, ಬೆಂಗಳೂರಿನಿಂದ ಬರುವಾಗ ಕ್ಯಾತ್ಸಂದ್ರದ ಟೋಲ್ ಹತ್ತಿರ ಸ್ಲೋ ಮಾಡಿದರೆ ಆಯಿಲ್ ಲೈಟ್ (ಆಯಿಲ್ ಒತ್ತಡ ಇಳಿದರೆ ಹತ್ತುವ ದೀಪ) ಮಿಣುಕಿತು. ರೇಸ್ ಮಾಡಿದರೆ ಆರಿತು. ಅದೇ ವಾರ ಹೊಗೆಯೂ ಶುರುವಾಯಿತು. ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಇಳಿಸಿ ಬಿಗ್ ಎಂಡ್ ಮೆಟಲ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಕಡೆಯ ಬೇರಿಂಗ್) ತೆಗೆದರೆ ಮೈತುಂಬ ಸಣ್ಣ ಸಣ್ಣ ಗೆರೆ. ಹೊಸದಾಗಿ ಗ್ರೈಂಡ್ ಆದ ಕ್ರ್ಯಾಂಕಿನ ಮೇಲೂ ಗೆರೆ.

ನಮ್ಮ ಪಕ್ಕದ ಬೀದಿಯಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಿಂದ ನಿವೃತ್ತರಾದ ಅಂಕಲ್ ಒಬ್ಬರಿದ್ದಾರೆ. ಫ್ಯಾಕ್ಟರಿ ಮುಚ್ಚಿ, ಜಾಗ ಈಗ ಇಸ್ರೋಗೆ ಹೋಗಿದೆ. ಅವರ ಮೈಕ್ರೋಮೀಟರ್ ಮಾತ್ರ ಇನ್ನೂ ಎಣ್ಣೆ ಹಚ್ಚಿದ ಪೆಟ್ಟಿಗೆಯಲ್ಲಿದೆ. ಕ್ರ್ಯಾಂಕ್ ಅಳೆಯಲಿ ಅಂತ ಕರೆದೆ. ಅವರು ಮೊದಲು ಮೆಟಲ್ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದರು. ಮೃದುವಾದ ಲೋಹದೊಳಗೆ ಕಪ್ಪು ಚುಕ್ಕೆಗಳು ಹೂತು ಕೂತಿದ್ದವು. ಆಮೇಲೆ ಒಂದು ಬಿಳಿ ಪಂಚೆ ತುಂಡಿಗೆ ಹೊಸ ಆಯಿಲ್ ಹಾಕಿ, ಬ್ಲಾಕಿನ ಒಳಗಿನ ಒಂದು ಆಯಿಲ್ ದಾರಿಯ ಬಾಯಿಗೆ ತುರುಕಿ ತಿರುಗಿಸಿ ತೆಗೆದರು. ಬಟ್ಟೆ ಬೂದಿ ಬಣ್ಣ. "ಇದನ್ನ ಒಳಗೆ ಬಿಟ್ಟು ಕಟ್ಟಿದ್ದೀಯಲ್ಲಪ್ಪ" ಅಂದರು, ಅಷ್ಟೇ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಹೋನಿಂಗ್ ಕಲ್ಲು ಸವೆಯುತ್ತಾ ಕೆಲಸ ಮಾಡುತ್ತದೆ. ಅದರ ಪುಡಿ ಮತ್ತು ಕಬ್ಬಿಣದ ಪುಡಿ ಸೇರಿ ಆ ಚಂದದ ಗೆರೆಗಳ ಒಳಗೆ ಕೂರುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಎರಡೂ ಜಿಡ್ಡನ್ನು ಕರಗಿಸುತ್ತವೆ. ಜಿಡ್ಡು ಹರಿದು ಹೋಗುತ್ತದೆ, ಪುಡಿ ಅಲ್ಲೇ ಒಣಗಿ ಅಂಟಿಕೊಳ್ಳುತ್ತದೆ. ಕಣ್ಣಿಗೆ ಬೋರ್ ಶುದ್ಧವಾಗಿ ಕಾಣುತ್ತದೆ. ಇಂಜಿನ್ ಶುರು ಮಾಡಿದ ಮೇಲೆ ಹೊಸ ರಿಂಗುಗಳು ಆ ಪುಡಿಯನ್ನು ಕೆರೆದು ಆಯಿಲ್‌ಗೆ ಹಾಕುತ್ತವೆ. ಮೆಟಲ್ ಮೃದು, ಅದರಲ್ಲಿ ಪುಡಿ ಹೂತುಕೊಳ್ಳುತ್ತದೆ. ಹೂತ ಮೇಲೆ ಅದು ಅರದಂತೆ ಕ್ರ್ಯಾಂಕನ್ನು ಉಜ್ಜುತ್ತಲೇ ಇರುತ್ತದೆ, ಆಯಿಲ್ ಬದಲಿಸಿದರೂ ಹೋಗಲ್ಲ. ಫಿಲ್ಟರ್ ಇದೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಫಿಲ್ಟರ್ ದಾಟಿದ ಮೇಲಿನ ದಾರಿಯಲ್ಲೇ ಕೂತ ಪುಡಿ ನೇರ ಬೇರಿಂಗಿಗೇ ಬರುತ್ತದೆ.

ಸೋಪಿನ ಬಿಸಿನೀರು ಬೇರೆ ರೀತಿ ಕೆಲಸ ಮಾಡುತ್ತದೆ. ಅದು ಪುಡಿಯನ್ನೇ ಎತ್ತಿ ನೀರಿನಲ್ಲಿ ತೇಲಿಸಿ ಹೊರಗೆ ಒಯ್ಯುತ್ತದೆ. ಎರಡನೇ ಸಲ ನಾನು ಹಂಡೆ ತುಂಬ ನೀರು ಕಾಯಿಸಿದೆ. ಬಟ್ಟೆ ಸೋಪಿನ ಪುಡಿ ಕಲಸಿ, ಗಟ್ಟಿ ಬ್ರಷ್ಷಿನಲ್ಲಿ ಒಂದೊಂದು ಬೋರ್ ತಿಕ್ಕಿದೆ. ಆಯಿಲ್ ದಾರಿಗಳ ಪ್ಲಗ್ ತೆಗೆದು ಒಳಗೆ ಸಣ್ಣ ಉದ್ದನೆಯ ಬ್ರಷ್ ಆಡಿಸಿದೆ. ಕ್ರ್ಯಾಂಕಿನ ಆಯಿಲ್ ತೂತುಗಳಲ್ಲೂ ಹಾಗೇ. ತೊಳೆದ ತಕ್ಷಣ ಗಾಳಿ ಹೊಡೆದು ಒಣಗಿಸಿ, ಬಿಳಿ ಬಟ್ಟೆಗೆ ಹೊಸ ಆಯಿಲ್ ಹಾಕಿ ಬೋರ್ ಒರೆಸಿ. ಬಟ್ಟೆ ಬೂದಿಯಾದರೆ ಮತ್ತೆ ತೊಳೆಯಿರಿ. ಬಿಳಿಯಾಗಿಯೇ ಬರುವ ತನಕ ನಿಲ್ಲಿಸಬೇಡಿ. ಬಿಸಿನೀರು ಆರಿದ ಬರಿ ಕಬ್ಬಿಣ ನಿಮಿಷಗಳಲ್ಲಿ ತುಕ್ಕು ಹಿಡಿಯುತ್ತದೆ, ಆಯಿಲ್ ಡಬ್ಬ ಪಕ್ಕದಲ್ಲೇ ತೆರೆದಿಟ್ಟುಕೊಂಡಿರಿ. ಬನಿಯನ್ ವೇಸ್ಟ್ ಬೇಡ, ನೂಲು ಬಿಡುತ್ತದೆ. ವಾಲ್ವ್ ಉಜ್ಜುವ ಪೇಸ್ಟ್ ಕೂಡ ಇದೇ ಜಾತಿ, ಹೆಡ್ಡನ್ನೂ ಹೀಗೇ ತೊಳೆಯಿರಿ.

ನನಗೆ ಹೋದದ್ದು ದುಡ್ಡು ಮಾತ್ರವಲ್ಲ. ಬೋರ್ ಮತ್ತೆ ಸವೆದು 40 ಥೌಗೆ ಹೋಯಿತು, ಕ್ರ್ಯಾಂಕ್ 20 ಥೌಗೆ. ಇನ್ನೊಂದು ಸಲ ಕೆಟ್ಟರೆ ಸ್ಲೀವ್ (ಬೋರ್ ಒಳಗೆ ಹೊಸ ಕೊಳವೆ) ಹಾಕಿಸುವುದೇ ಗತಿ. ಮೂರು ತಲೆಮಾರು ನೋಡಬೇಕಿದ್ದ ಬ್ಲಾಕಿನ ಒಂದು ಪಾಲು ಆಯಸ್ಸನ್ನು ಒಂದು ಹಂಡೆ ಬಿಸಿನೀರು ಕಾಯಿಸದೆ ಕಳೆದೆ. ಮೊದಲಿನ ಹಾಗೆ ಬಿಡಿಭಾಗವೂ ಸಿಗಲ್ಲ. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳು ಇರುವ ತನಕ ಪದ್ಮಿನಿ ಸಾಮಾನಿಗೆ ದೊಡ್ಡ ಗಿರಾಕಿ ಇತ್ತು, 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ನಿಂತಿತು. ಹಾಗಾಗಿ ಬಿಚ್ಚಿದ ಒಂದು ಬೋಲ್ಟನ್ನೂ ಗುಜರಿಗೆ ಹಾಕಬೇಡಿ.

ಉಳಿದದ್ದು ಬೇಗ ಹೇಳುತ್ತೇನೆ. ಕನೆಕ್ಟಿಂಗ್ ರಾಡಿನ ಕ್ಯಾಪ್ ಅದದರ ರಾಡಿಗೇ ಹೋಗಬೇಕು, ಬಿಚ್ಚುವ ಮೊದಲೇ ಗುರುತು ಹಾಕಿ. ರಿಂಗನ್ನು ಬೋರ್ ಒಳಗೆ ಪಿಸ್ಟನ್ ತಲೆಯಿಂದ ನೆಟ್ಟಗೆ ತಳ್ಳಿ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳಲ್ಲಿ) ರಿಂಗಿನ ಎರಡು ತುದಿಗಳ ನಡುವಿನ ಸಂದು ನೋಡಿ. ಇಂಚು ಬೋರಿಗೆ 4 ಥೌ ಅನ್ನುವ ಹಳೆ ಲೆಕ್ಕದಲ್ಲಿ 68 ಮಿ.ಮೀ. ಬೋರಿಗೆ ಸುಮಾರು 0.27 ಮಿ.ಮೀ. ಬರುತ್ತದೆ. ಹೆಡ್ ಬೋಲ್ಟಿಗೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಕಡ್ಡಾಯ, ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ. ಅಲ್ಯೂಮಿನಿಯಂ ಹೆಡ್ ಒಮ್ಮೆ ಕಾದು ಸೊಟ್ಟಗಾದರೆ ಗ್ಯಾಸ್ಕೆಟ್ ನಿಲ್ಲಲ್ಲ. ಅದಕ್ಕೇ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಲೇಬೇಡಿ. ನಮ್ಮ ಜಿಲ್ಲೆಯ ಗಡಸು ನೀರು ಬ್ಲಾಕಿನ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ನಮ್ಮದರ ಹಿಂದಿನ ಸಿಲಿಂಡರ್ ಸುತ್ತ ನೀರಿನ ದಾರಿಯೇ ಮುಚ್ಚಿಹೋಗಿತ್ತು, ತಂತಿಯಿಂದ ಕೆರೆದು ತೆಗೆದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಜೊತೆಗೆ ಕೂಲಂಟ್ ಹಾಕಿ.

ಶುರು ಮಾಡುವ ಮೊದಲು ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಲೈಟ್ ಆರುವ ತನಕ ಸೆಲ್ಫ್ ಹೊಡೆಯಿರಿ. ಒಂದೇ ಸಮ ಹೊಡೆದರೆ ಮೋಟಾರ್ ಬಿಸಿಯಾಗುತ್ತದೆ, ಬಿಟ್ಟು ಬಿಟ್ಟು ಹೊಡೆಯಿರಿ. ಸ್ಟಾರ್ಟ್ ಆದ ಮೇಲೆ ನಿಂತಲ್ಲೇ ಗಂಟೆಗಟ್ಟಲೆ ಐಡ್ಲಿಂಗ್ ಬಿಡಬೇಡಿ, ಹೊಸ ರಿಂಗ್ ಕೂರುವುದಕ್ಕೆ ಸ್ವಲ್ಪ ಲೋಡ್ ಬೇಕು. ವೇಗ ಏರಿಸುತ್ತಾ ಇಳಿಸುತ್ತಾ ಓಡಿಸಿ. 20ಡಬ್ಲ್ಯೂ-50 ಮಿನರಲ್ ಆಯಿಲ್ ಸಾಕು. ಮೊದಲ 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ತಟ್ಟೆಗೆ ಸುರಿದು, ಪುಡಿ ಇದೆಯಾ ಅಂತ ಬಿಸಿಲಲ್ಲಿ ನೋಡಿ.

ನಿಮ್ಮ ಕಾರಿನ ನಾಲ್ಕೂ ಸಿಲಿಂಡರಿನ ಕಂಪ್ರೆಷನ್, ಆಯಿಲ್ ಹಾಕುವ ಮೊದಲು ಎಷ್ಟು, ಆಮೇಲೆ ಎಷ್ಟು ಅಂತ ಬರೆಯಿರಿ. ಹೆಡ್ ಸಾಕಾ, ಬ್ಲಾಕ್ ಇಳಿಸಬೇಕಾ ಅನ್ನೋದು ಅದರ ಮೇಲೆ ಹೇಳಬಹುದು. ಅಲ್ಲಿಯ ತನಕ ಪಿಸ್ಟನ್ ಸೆಟ್ಟಿಗೆ ದುಡ್ಡು ಕಟ್ಟಬೇಡಿ. ಯಾವ ಓವರ್‌ಸೈಜ್ ಬೇಕು ಅಂತ ಬೋರ್ ಅಳೆಯದೆ ಗೊತ್ತಾಗಲ್ಲ.