ವುಜೂ, ನಮಾಜಿನಲ್ಲಿ ಕಾಡುವ ವಸ್ವಸಾ (ಬಿಡದ ಸಂಶಯ): ವಿಜಯಪುರದ ಭಾಯ್‌ಗೆ ಉತ್ತರ

ಭಾಯ್, ವುಜೂಗೆ (ನಮಾಜಿಗೆ ಮುಂಚೆ ಕೈ, ಮಾರಿ, ಕಾಲು ತೊಳಕೊಳ್ಳೂದಕ್ಕ) ಅರ್ಧ ತಾಸು ಹಿಡಿತೈತಿ, ಗಾಳಿ ಹೋಗಿ ವುಜೂ ಮುರಿತೇನೋ ಅಂತ ನಮಾಜ್ ಮುರಿತೀನಿ, ರಕಾತ್ (ನಮಾಜಿನ ಒಂದೊಂದು ಸುತ್ತು) ಲೆಕ್ಕ ತಪ್ಪತೈತಿ ಅಂತ ಕೇಳೀರಿ.

ಮೊದಲು ನಳ ಬಂದ್ ಮಾಡ್ರಿ. ನಳ ಹರಿಯೂತನಕ ಸಂಶಯಕ್ಕೂ ತಡೆ ಇರೂದಿಲ್ಲ. ಒಂದು ಲೀಟರಿನ ಚರಿಗಿ ತುಂಬಿಸಿಕೊಂಡು ಅಷ್ಟರಾಗ ಮುಗಸ್ರಿ. ಪ್ರವಾದಿಯವರು ವುಜೂ ಮಾಡತಿದ್ದದ್ದು ಒಂದು ಮುದ್ದ್ (ಆಗಿನ ಒಂದು ಅಳತಿ) ನೀರಿನಾಗ, ಸುಮಾರು ಮುಕ್ಕಾಲು ಲೀಟರ್. ಪ್ರತಿ ಅಂಗ ಹೆಚ್ಚಂದ್ರ ಮೂರು ಸಲ, ನಾಲ್ಕನೇದು ಬ್ಯಾಡ. ಮುಗದ ಮ್ಯಾಲೆ "ಮೊಣಕೈ ತೊಯ್ದಿತ್ತೇನೋ" ಅನಿಸಿದ್ರ ತಿರುಗಿ ಹೋಗಬ್ಯಾಡ್ರಿ.

ಗಾಳಿ ವಿಷಯಕ್ಕ ಹದೀಸ್ (ಪ್ರವಾದಿಯವರ ಮಾತು) ಸ್ಪಷ್ಟ ಐತಿ: ಸಪ್ಪಳ ಕೇಳೂತನಕ ಇಲ್ಲಾ ವಾಸನಿ ಬರೂತನಕ ನಮಾಜ್ ಬಿಡಬಾರದು. ಹೊಟ್ಟಿ ಗುಡುಗುಡು ಅಂದ್ರ ಲೆಕ್ಕಕ್ಕಿಲ್ಲ. ಮೂತ್ರದ ಹನಿ ಬಿತ್ತೇನೋ ಅನ್ನೋರು ಇಸ್ತಿಂಜಾ (ಮೂತ್ರ ಮಾಡಿ ತೊಳಕೊಳ್ಳೂದು) ಆದ ಮ್ಯಾಲೆ ಚಡ್ಡಿಗೆ ಒಂಚೂರು ನೀರು ಚಿಮುಕಿಸಿಕೊಳ್ರಿ. ಆಮ್ಯಾಲೆ ಹಸಿ ಕಂಡ್ರೂ ಅದೇ ನೀರು ಅನ್ಕೋರಿ, ಪರೀಕ್ಷೆ ಮಾಡಾಕ ಹೋಗಬ್ಯಾಡ್ರಿ.

ರಕಾತ್ ಮೂರೋ ನಾಲ್ಕೋ? ಪದೇಪದೇ ಹಿಂಗ ಆಗೋರಿಗೆ ಹನಫಿ ಪಂಥದ ನಿಯಮ: ಮನಸ್ಸು ಯಾವ ಕಡೆ ವಾಲತೈತೋ ಅದನ್ನ ಹಿಡೀರಿ. ಎರಡೂ ಸಮ ಅನಿಸಿದ್ರ ಮೂರು ಅಂತ ಹಿಡಿದು, ಇದು ನಾಲ್ಕನೇದೂ ಇರಬಹುದಂತ ಈ ರಕಾತಿನ ಕೊನಿಗೂ ಕುಂತು, ಇನ್ನೊಂದು ರಕಾತ್ ಓದಿ, ಸಜ್ದಾ ಸಹ್ವ್ (ಮರವಿಗೆ ಮಾಡೂ ಎರಡು ಸಜ್ದಾ) ಮಾಡ್ರಿ. ಸಲಾಮ್ ಹೇಳಿ ನಮಾಜ್ ಮುಗದ ಮ್ಯಾಲಿನ ಸಂಶಯ ಬಿಟ್ಟಬಿಡ್ರಿ. ನಿಯ್ಯತ್ (ಸಂಕಲ್ಪ) ಮನಸ್ಸಿನದು, ಬಾಯಾಗ ಹತ್ತು ಸಲ ಹೇಳೂದು ಬೇಕಿಲ್ಲ.

ಹಿಂಗ ಸಂಶಯ ಬಿಟ್ಟಬಿಟ್ರ ಮೊದಮೊದಲು ಎದಿ ಢವಢವ ಅಂತೈತಿ. ತಿರುಗಿ ತೊಳದ್ರ ಆ ಕ್ಷಣ ಹಗುರ, ಆದ್ರ ಮುಂದಿನ ನಮಾಜಿನ ವಕ್ತಿಗೆ ಚಟ ಇನ್ನಷ್ಟು ಗಟ್ಟಿ. "ಆಯ್ತೇನು?" ಅಂತ ಹೆಂಡ್ತಿನ್ನ, ಇಮಾಮರನ್ನ ಕೇಳೂದೂ ಅದೇ ಚಟ. ದಿನಾ ತಾಸುಗಟ್ಟಲೆ ಹೋಗತಿದ್ರ ಇದು ಇಮಾನಿನ (ನಂಬಿಕಿಯ) ಕೊರತಿ ಅಲ್ಲ, ಒಸಿಡಿ (ಬ್ಯಾಡಂದ್ರೂ ಅದೇ ವಿಚಾರ, ಅದೇ ಕೆಲಸ ಮಾಡಸೂ ಮನಸ್ಸಿನ ಕಾಯಿಲೆ) ಇರಬಹುದು, ಮನೋವೈದ್ಯರಿಗೆ ತೋರಸ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡಿದ್ರ ಕನ್ನಡದಾಗ ಮಾತಾಡಬಹುದು.